‘ನಿಂಗೇನ್ ದೊಡ್ರೋಗ ಬಂದಿರೋದು?’ ಕಾಯಿಲೆ ಹೆಸರಿನ ಆಡುಮಾತುಗಳ ಅರ್ಥ ಯಾರಾದರೂ ಬಿಡಿಸಿ ಹೇಳ್ತೀರಾ?

ಪುಣೆ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಮನೆಮಾತು ಕನ್ನಡವೇ, ಆದರೆ ಅಪ್ಪ ಅಮ್ಮನ ಕನ್ನಡ ಬಿಟ್ಟರೆ ಬೇರೆ ಕನ್ನಡ ಜಾಸ್ತಿ ಕಿವಿಗೆ ಬಿದ್ದಿಲ್ಲ. ಈಗ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಿದ್ದೇನೆ. ಇಲ್ಲಿ ಜನ ಮಾತು ಮಾತಿಗೂ ಯಾವುದಾದರೂ ಕಾಯಿಲೆ ಹೆಸರು ಎತ್ತುತ್ತಾರೆ. ಮೇಲಿನ ಸಾಲು ಪಿಜಿಯ ಅಡುಗೆಯವರದ್ದು. ತಟ್ಟೆ ತೊಳೆದಿಡದ ಹುಡುಗನಿಗೆ ಅಂದದ್ದು. ಅವನಿಗೆ ಏನೂ ಆಗಿರಲಿಲ್ಲ, ಅವನೂ ನಗುತ್ತಾ ಎದ್ದು ತೊಳೆದಿಟ್ಟ. ‘ದೊಡ್ಡ ರೋಗ’ ಅಂದರೆ ಯಾವುದೋ ಒಂದು ರೋಗವಾ, ಅಥವಾ ಸುಮ್ನೆ ದೊಡ್ಡದು ಅಂತಾನಾ?

ಇನ್ನೂ ಕೆಲವು ಬರೆದಿಟ್ಟುಕೊಂಡಿದ್ದೇನೆ. ‘ಸನ್ನಿ ಹಿಡಿದಿದೆಯಾ?’ ‘ಸಚಿವರು ಅಧಿಕಾರಿಗಳ ಚಳಿ ಬಿಡಿಸಿದರು.’ ‘ಹುಚ್ಚಾಪಟ್ಟೆ ಟ್ರಾಫಿಕ್ಕು.’ ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.’ ಇವುಗಳಲ್ಲಿ ಯಾವುದನ್ನು ನಾನೂ ಧೈರ್ಯವಾಗಿ ಆಡಬಹುದು, ಯಾವುದನ್ನು ಆಡಬಾರದು ಅಂತಲೂ ಹೇಳಿ.

ಹಳೇ ಮೇಷ್ಟ್ರು, ಮೈಸೂರು ಸೀಮೆ

ಒಳ್ಳೆ ಪ್ರಶ್ನೆ ಕೇಳಿದ್ದೀರಿ ತಮ್ಮಾ. ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಸನ್ನಿ ಅನ್ನುವುದು ಸನ್ನಿಪಾತದ ಮೊಟಕು ರೂಪ. ಆಯುರ್ವೇದದಲ್ಲಿ ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆಟ್ಟರೆ ಬರುವ ಕೆಟ್ಟ ಜ್ವರಕ್ಕೆ ಸನ್ನಿಪಾತ ಅಂತ ಹೆಸರು. ಜ್ವರ ಏರಿ ರೋಗಿ ಬಡಬಡಿಸುತ್ತಾನೆ, ಹಾಸಿಗೆಯಿಂದ ಎದ್ದು ಓಡಲು ನೋಡುತ್ತಾನೆ, ಮನೆಯವರ ಗುರುತು ಸಿಗುವುದಿಲ್ಲ. ಆದ್ದರಿಂದ ತಲೆಬುಡ ಇಲ್ಲದೆ ಮಾತಾಡುವವನಿಗೆ ‘ಸನ್ನಿ ಹಿಡಿದಿದೆಯಾ’ ಅನ್ನುತ್ತಾರೆ. ಪತ್ರಿಕೆಗಳಲ್ಲಿ ‘ಸಮೂಹ ಸನ್ನಿ’ ಅಂತ ಓದಿರುತ್ತೀರಿ. ಊರಿಗೆ ಊರೇ ಯಾವುದೋ ಸುದ್ದಿ ನಂಬಿ ಬೀದಿಗಿಳಿದರೆ ಆ ಮಾತು ಬರುತ್ತದೆ. ಹಾಗೇ ‘ಪಿತ್ತ ನೆತ್ತಿಗೇರಿತು’ ಅಂದರೆ ವಿಪರೀತ ಸಿಟ್ಟು ಬಂತು ಅಂತ. ನಾಡಿ ನೋಡುವ ವೈದ್ಯರು ಊರಲ್ಲಿ ಇಲ್ಲವಾದರೂ ಅವರ ಮಾತು ನಮ್ಮ ಬಾಯಲ್ಲಿ ಉಳಿದಿದೆ.

ಚಳಿ ಬಿಡಿಸುವುದು ಅಂದರೆ ಮುಖ ಮೋರೆ ನೋಡದೆ ಬೈಯುವುದು. ‘ಮೈಚಳಿ ಬಿಟ್ಟು ಕೆಲಸ ಮಾಡು’ ಅನ್ನುವಾಗ ಮಾತ್ರ ಅದು ಸಂಕೋಚ, ಸೋಮಾರಿತನ. ‘ಚಳಿಜ್ವರ ಬಿಡಿಸಿದ’ ಅಂತ ಉದ್ದಕ್ಕೆ ಹೇಳಿದರೆ ಕಾಯಿಲೆಯೂ ಒಳಗೆ ಬಂತು.

ಎತ್ತು ಎಮ್ಮೆಯ ಗಾದೆ ಹುಟ್ಟಿದ್ದು ಕೊಟ್ಟಿಗೆಯಲ್ಲಿ. ದನಕ್ಕೆ ಕಾಯಿಲೆಯಾದರೆ ಕಾಯಿಸಿದ ಕಬ್ಬಿಣದಲ್ಲಿ ಬರೆ ಎಳೆಯುವುದೇ ಮದ್ದು ಅಂತ ನಂಬಿದ್ದ ಕಾಲ. ಜ್ವರ ಎತ್ತಿಗೆ, ಬರೆ ಬಿದ್ದದ್ದು ಪಕ್ಕದಲ್ಲಿ ಮೆಲುಕು ಹಾಕುತ್ತಾ ನಿಂತಿದ್ದ ಎಮ್ಮೆಗೆ! ತಪ್ಪು ಒಬ್ಬರದು, ಶಿಕ್ಷೆ ಇನ್ನೊಬ್ಬರಿಗೆ ಅಂದಾಗ ಧಾರಾಳವಾಗಿ ಬಳಸಿ.

ಹುಚ್ಚಾಪಟ್ಟೆ ಅಂದರೆ ಅಳತೆ ಮೀರಿ. ಅದರಲ್ಲಿ ಈಗ ಯಾವ ಕಾಯಿಲೆಯೂ ಉಳಿದಿಲ್ಲ. ಕನ್ನಡದ ‘ಹುಚ್ಚು’ ಬಹಳ ದೂರ ಓಡಾಡಿದ ಮಾತು. ಹುಚ್ಚು ಹೊಳೆ, ಹುಚ್ಚು ಮಳೆ, ಹುಚ್ಚು ಪ್ರೀತಿ, ಕ್ರಿಕೆಟ್ ಹುಚ್ಚು, ಕೊನೆಗೆ ಎಣ್ಣೆ ತೆಗೆಯುವ ಕಾಳು ಹುಚ್ಚೆಳ್ಳು. ‘ಅವರಿಗೆ ಪುಸ್ತಕದ ಹುಚ್ಚು’ ಅಂದರೆ ಹೊಗಳಿಕೆ. ಮದುವೆಯ ಗಾದೆಯೊಂದು ಇದೆಯಲ್ಲ, ಹುಚ್ಚು ಬಿಡುವ ತನಕ ಮದುವೆ ಆಗದು, ಮದುವೆ ಆಗುವ ತನಕ ಹುಚ್ಚು ಬಿಡದು ಅಂತ. ಅದನ್ನು ಯಾವ ಕಚೇರಿಯ ಕಡತಕ್ಕೆ ಬೇಕಾದರೂ ಹೊಂದಿಸಬಹುದು.

ದೊಡ್ಡರೋಗದ ಬಗ್ಗೆ ಬಲ್ಲವರು ಬೇರೆಯವರು ಬರೆದರೆ ಚೆನ್ನ.

ಧಾರವಾಡದಾಕಿ

ನಮ್ಮ ಕಡೆ ರೋಗಕ್ಕೆ ಜಡ್ಡು ಅನ್ನುತ್ತೇವೆ. ‘ನಿನಗೇನ್ ಜಡ್ಡ ಬಂದೈತಿ?’ ಅಂದರೆ ಸುಮ್ಮನೆ ಕೂತವನನ್ನು ಎಬ್ಬಿಸುವ ಮಾತು, ಅಷ್ಟೇ. ಬ್ಯಾನಿ ಅಂದರೆ ಬೇನೆ.

ಇನ್ನೊಂದು ಗೊತ್ತಿರಲಿ. ದಕ್ಷಿಣದವರು ಬಯ್ಯುವಾಗ ‘ಮಾರಿ’ ಅಂದರೆ ಅದು ರೋಗ ತರುವ ದೇವತೆ. ಹೆಮ್ಮಾರಿ, ಮಹಾಮಾರಿ ಎಲ್ಲಾ ಅಲ್ಲಿಂದಲೇ. ನಮ್ಮಲ್ಲಿ ಮಾರಿ ಅಂದರೆ ಮುಖ! ‘ಮಾರಿ ತೊಳಕೊಂಡು ಬಾ’ ಅಂತ ಅಂದರೆ ಗಾಬರಿ ಆಗಬೇಡಿ.

ಕಡಲತಡಿ

ಮಂಗಳೂರಿನ ಕಡೆಯಿಂದ ಎರಡು. ‘ಮಂಡೆ ಬಿಸಿ’ ಅಂದರೆ ಚಿಂತೆ, ತಲೆನೋವಿನ ವಿಷಯ. ‘ಸುಮ್ನೆ ಮಂಡೆ ಬಿಸಿ ಮಾಡ್ಬೇಡ ಮಾರಾಯ’ ಅಂತ ದಿನಕ್ಕೆ ಹತ್ತು ಸಲ ಕೇಳಬಹುದು. ‘ಮಂಡೆಪೆಟ್ಟು’ ಅಂದರೆ ತಲೆಗೆ ಏಟು ಬಿದ್ದವನ ಹಾಗೆ ಆಡುವವನು. ಎರಡರಲ್ಲೂ ಜಾಸ್ತಿ ವಿಷ ಇಲ್ಲ.

ಮೆಜೆಸ್ಟಿಕ್ ಹುಡುಗ

ಗುರು, ನಿಮಗೆ ಆಫೀಸಲ್ಲಿ ಬೇಕಾಗೋದು ಇವು, ಬರ್ಕೊಳ್ಳಿ. ‘ಉರ್ಕೋಬೇಡ’ ಅಂದರೆ ಹೊಟ್ಟೆಕಿಚ್ಚು ಪಡಬೇಡ. ಜಾಸ್ತಿ ಉರಿದರೆ ‘ಬರ್ನಾಲ್ ಹಚ್ಕೋ’. ಸುಟ್ಟ ಗಾಯಕ್ಕೆ ಹಚ್ಚುವ ಹಳದಿ ಮುಲಾಮು ಅದು. ಬೇರೆಯವರ ಯಶಸ್ಸು ಅರಗದಿದ್ದರೆ ‘ಈನೋ ಕುಡಿ’. ‘ಬಿಪಿ ಏರಿಸ್ಬೇಡ’ ಅಂದರೆ ಕೆಣಕಬೇಡ. ‘ಅವನ್ನ ಕಂಡ್ರೆ ಅಲರ್ಜಿ’ ಅಂದರೆ ಆಗಿಬರಲ್ಲ. ವೈರಲ್ ಅಂತೂ ಗೊತ್ತೇ ಇದೆ. ಆ ಮಾತು ವೈರಸ್ಸಿಂದ ಬಂದದ್ದು ಅಂತ ಯಾರಿಗೂ ನೆನಪೇ ಇಲ್ಲ, ಕೊರೊನಾ ಕಾಲದಲ್ಲೂ ವಿಡಿಯೊ ವೈರಲ್ ಆಯ್ತು ಅಂತ ಖುಷಿಯಾಗೇ ಹೇಳ್ತಿದ್ವಿ.

ಸಿಸ್ಟರ್, ತುಮಕೂರು ಕಡೆ

ದೊಡ್ಡರೋಗ ಅಂದರೆ ಕುಷ್ಠ. ಹೆಸರು ಹೇಳಲು ಹೆದರಿ ಜನ ಇಟ್ಟ ಮರೆಮಾತು ಅದು. ಸಿಡುಬಿಗೆ ‘ಅಮ್ಮ’ ಅಂದ ಹಾಗೆ. ‘ನಿನಗೆ ದೊಡ್ರೋಗ ಬರ’ ಅನ್ನುವುದು ಹಳ್ಳಿಯ ಅತಿ ಕೆಟ್ಟ ಶಾಪಗಳಲ್ಲಿ ಒಂದು. ನಿಮ್ಮ ಪಿಜಿಯ ಅಡುಗೆಯವರು ಅದನ್ನು ಯೋಚಿಸಿ ಅಂದಿರಲಾರರು. ಹುಡುಗನಿಗೂ ಗೊತ್ತಿರಲಾರದು.

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದವಳು. ಮನೆ ಮನೆಗೆ ಹೋಗಿ ಮೈಮೇಲೆ ಮಚ್ಚೆ ನೋಡುವ ಕೆಲಸ ಇರುತ್ತಿತ್ತು. ಬಣ್ಣ ಸ್ವಲ್ಪ ತಿಳಿಯಾದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಇದ್ದರೆ ಅನುಮಾನ. ಕಣ್ಣು ಮುಚ್ಚಿಸಿ, ಪೆನ್ನಿನ ತುದಿಯಿಂದ ಮೆಲ್ಲಗೆ ಮುಟ್ಟಿ, ‘ಎಲ್ಲಿ ಮುಟ್ಟಿದೆ ತೋರಿಸಿ’ ಅನ್ನುತ್ತಿದ್ದೆವು. ಒಂದು ಮನೆಯಲ್ಲಿ ಸೊಸೆಯೊಬ್ಬಳು ರವಿಕೆಯ ತೋಳು ಮೇಲೆತ್ತಲು ಒಪ್ಪಲೇ ಇಲ್ಲ. ಅತ್ತೆ ಹಜಾರದಲ್ಲಿ ಕೂತಿದ್ದರು. ಹಿತ್ತಲಿಗೆ ಕರೆದುಕೊಂಡು ಹೋಗಿ, ಬಾವಿಕಟ್ಟೆ ಹತ್ತಿರ ನಿಲ್ಲಿಸಿ ನೋಡಿದೆ. ತೋಳಿನ ಮೇಲೆ ಅಂಗೈ ಅಗಲದ ಮಚ್ಚೆ. ಪೆನ್ನು ಮುಟ್ಟಿಸಿದರೆ ಬೆರಳು ಎಲ್ಲೂ ತೋರಿಸಲಿಲ್ಲ. ಅವಳು ಕೇಳಿದ್ದು ಒಂದೇ ಮಾತು, ‘ಇದು ದೊಡ್ರೋಗನಾ ಅಕ್ಕ? ನಮ್ಮತ್ತೆ ಕೋಳಿಗೂ ಅದೇ ಶಾಪ ಹಾಕೋದು.’

ಕುಷ್ಠ ಮಾತ್ರೆಯಿಂದ ಪೂರ್ತಿ ವಾಸಿಯಾಗುತ್ತದೆ. ಮಚ್ಚೆ ಕಡಿಮೆ ಇದ್ದರೆ 6 ತಿಂಗಳು, ಜಾಸ್ತಿ ಇದ್ದರೆ 12 ತಿಂಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮಾತ್ರೆ ಶುರುವಾದ ಸ್ವಲ್ಪ ದಿನಕ್ಕೇ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ತಡ ಮಾಡಿದರೆ ಮಾತ್ರ ನರ ಸತ್ತು ಕೈಕಾಲು ಊನವಾಗುತ್ತವೆ. ತಡ ಯಾಕೆ ಆಗುತ್ತದೆ ಅಂದರೆ ಇದಕ್ಕೇ, ಜನ ತೋಳು ಮುಚ್ಚಿಕೊಳ್ಳುತ್ತಾರೆ. 2019ರ ತನಕ ಕುಷ್ಠ ಇದೆ ಅಂತ ವಿಚ್ಛೇದನ ಕೇಳಲು ನಮ್ಮ ಮದುವೆ ಕಾನೂನುಗಳಲ್ಲೇ ಅವಕಾಶ ಇತ್ತು. ಆ ವರ್ಷ ಅದನ್ನು ತೆಗೆದರು. ಕಾನೂನು ಬಿಟ್ಟರೂ ಬಾಯಿ ಬಿಟ್ಟಿಲ್ಲ.

ತಮ್ಮಾ, ನೀವು ಕೇಳಿದ್ದಕ್ಕೆ ನೇರ ಉತ್ತರ ಕೊಡುತ್ತೇನೆ. ಈ ಮಾತನ್ನು ಆಡಬೇಡಿ.

ಕಟ್ಟೆ ಮಾತು

ಮೇಡಂ, ನಿಮ್ಮ ಕೆಲಸಕ್ಕೆ ದೊಡ್ಡ ನಮಸ್ಕಾರ. ಆದರೆ ಒಂದು ಮಾತು. ಹೀಗೆ ಒಂದೊಂದನ್ನೇ ತೆಗೆಯುತ್ತಾ ಹೋದರೆ ಭಾಷೆಯಲ್ಲಿ ಏನು ಉಳಿಯುತ್ತೆ? ನಮ್ಮಜ್ಜಿ ಬೈಗುಳದಲ್ಲಿ ಊರಿನ ಇತಿಹಾಸವೇ ಇತ್ತು. ‘ನಿನ್ನ ವಾಂತಿಬೇದಿ ಕರ್ಕೊಂಡೋಗ’, ‘ನಿನ್ನ ಮನೇಲಿ ಇಲಿ ಬೀಳ’ ಅಂತೆಲ್ಲ ಅನ್ನುತ್ತಿದ್ದಳು, ಸಂಜೆಗೆ ಅದೇ ಮಗುವಿಗೆ ತುಪ್ಪ ಹಾಕಿ ಅನ್ನ ಕಲಸಿ ಕೊಡುತ್ತಿದ್ದಳು. ಬೈದವರಿಗೂ ಬೈಸಿಕೊಂಡವರಿಗೂ ಅದು ಶಾಪ ಅನ್ನಿಸುತ್ತಿರಲಿಲ್ಲ.

ಪುಣೆ ಕನ್ನಡಿಗ

ಇಲಿ ಬೀಳುವುದು ಶಾಪ ಹೇಗೆ ಅಣ್ಣಾ?

ಹಳೇ ಮೇಷ್ಟ್ರು, ಮೈಸೂರು ಸೀಮೆ

ಪ್ಲೇಗು ಬರುವ ಮುಂಚೆ ಮನೆಯ ಸೂರಿನಿಂದ ಇಲಿ ಸತ್ತು ಬೀಳುತ್ತಿದ್ದವು. ‘ಇಲಿ ಬಿತ್ತು’ ಅಂದರೆ ಪಾತ್ರೆ ಪಡಗ ಕಟ್ಟಿಕೊಂಡು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು ಅಂತ ಅರ್ಥ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದರ ಹಿಂದೆ ಆ ಹೆದರಿಕೆ ಇದೆ. ಹಳೇ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಆಚೆ ತರಬೇಕಿತ್ತು. ಪ್ಲೇಗಿನ ಮಾರಮ್ಮನ ಗುಡಿಗಳು ಬೆಂಗಳೂರಲ್ಲಿ ಇವತ್ತಿಗೂ ಇವೆ, ಪೂಜೆಯೂ ನಡೆಯುತ್ತದೆ.

ಈಗ ‘ಕಟ್ಟೆ ಮಾತು’ ಅವರಿಗೆ. ನಿಮ್ಮ ಅಜ್ಜಿಯ ಬೈಗುಳ ನನಗೂ ಇಷ್ಟ. ಆದರೆ ನಿಮ್ಮ ಅಜ್ಜಿ ಹೇಳಿದ್ದಕ್ಕೂ ಸಿಸ್ಟರ್ ಹೇಳಿದ್ದಕ್ಕೂ ಒಂದು ವ್ಯತ್ಯಾಸ ಇದೆ, ಅದನ್ನು ಗಮನಿಸಿ. ಪ್ಲೇಗು, ವಾಂತಿಬೇದಿ ಬಂದರೆ ಊರಿಗೆಲ್ಲ ಬರುತ್ತಿತ್ತು. ಬಯ್ಯುವವಳ ಮನೆಗೂ ಬರಬಹುದಿತ್ತು. ನೆಗಡಿ, ತಲೆನೋವು, ಜ್ವರ ಯಾರಿಗೆ ಬರಲ್ಲ? ಅಂಥ ಮಾತು ಯಾರನ್ನೂ ಬೇರೆ ಕೂರಿಸುವುದಿಲ್ಲ. ಚುನಾವಣೆ ಜ್ವರ ಅಂದರೆ ಜ್ವರ ಬಂದವನಿಗೆ ನೋವಾಗಲ್ಲ. ಕುಷ್ಠ, ಮೂರ್ಛೆ, ಮನಸ್ಸಿನ ಕಾಯಿಲೆ ಹಾಗಲ್ಲ. ಇವು ಬಂದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಹೆಣ್ಣು ಕೊಡುವವರು, ತರುವವರು ಹಿಂದೆ ಸರಿಯುತ್ತಾರೆ. ಬಚ್ಚಿಟ್ಟ ಕಾಯಿಲೆಯನ್ನು ಬೈಗುಳ ಮಾಡಿದರೆ ಬಚ್ಚಿಟ್ಟವರು ಇನ್ನೂ ಒಳಗೆ ಹೋಗುತ್ತಾರೆ. ನನ್ನ ಪ್ರಕಾರ ಗೆರೆ ಎಳೆಯಬೇಕಾದದ್ದು ಇಲ್ಲಿ. ಕಾಯಿಲೆಯ ಮಾತನ್ನೆಲ್ಲ ಭಾಷೆಯಿಂದ ಗುಡಿಸಿ ಹಾಕಿ ಅಂತ ಯಾರೂ ಹೇಳುತ್ತಿಲ್ಲ.

ಕಾಯಿಲೆಯ ಮಾತನ್ನು ಎತ್ತ ಬೀಸಬೇಕು ಅಂತ ತೋರಿಸಿದವರೂ ನಮ್ಮಲ್ಲೇ ಇದ್ದಾರೆ. 12ನೇ ಶತಮಾನದಲ್ಲಿ ಬಸವಣ್ಣನವರು ‘ಸಿರಿಗರ’ ಅಂದರು. ಹಾವು ಕಚ್ಚಿದವರನ್ನಾದರೂ ಮಾತಾಡಿಸಬಹುದು, ಗರ ಬಡಿದವರನ್ನಾದರೂ ಮಾತಾಡಿಸಬಹುದು, ಸಿರಿತನದ ಗರ ಬಡಿದವರನ್ನು ಮಾತಾಡಿಸಲು ಆಗುವುದಿಲ್ಲ, ಬಡತನ ಅನ್ನುವ ಮಂತ್ರವಾದಿ ಬಂದರೆ ಮಾತ್ರ ಅವರ ಬಾಯಿ ಬಿಡುತ್ತದೆ ಅಂತ. ಅಲ್ಲಿ ಕಾಯಿಲೆಯ ಹೆಸರು ಹೊತ್ತವನು ದುಡ್ಡಿನ ಮದ ಏರಿದವನು. ಹಾವು ಕಚ್ಚಿದವನ ಮೇಲೆ ಒಂದು ಚೂರೂ ತಾತ್ಸಾರ ಇಲ್ಲ.

ಹೆಸರು ಬೇಡ

ಮೇಷ್ಟ್ರು ಮೂರ್ಛೆ ಅಂದದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ತಮ್ಮನಿಗೆ ಚಿಕ್ಕಂದಿನಿಂದ ಫಿಟ್ಸ್. ನಾವು ತೋರಿಸುವುದು ನಿಮ್ಹಾನ್ಸ್‌ನಲ್ಲಿ. ಅಲ್ಲಿಗೆ ಪಾರ್ಶ್ವವಾಯು ಆದವರು, ಮೆದುಳಲ್ಲಿ ಗಡ್ಡೆ ಇರುವವರು, ಅಪಘಾತದಲ್ಲಿ ತಲೆಗೆ ಏಟು ಬಿದ್ದವರು, ಫಿಟ್ಸ್ ಇರುವ ಮಕ್ಕಳು ಎಲ್ಲರೂ ಬರುತ್ತಾರೆ. ಮನಸ್ಸಿನ ಕಾಯಿಲೆಯವರೂ ಬರುತ್ತಾರೆ, ಅದರಲ್ಲೂ ತಪ್ಪೇನಿದೆ? 1974ರಲ್ಲಿ ಹಳೇ ಮಾನಸಿಕ ಆಸ್ಪತ್ರೆ ಮತ್ತು ಅದರ ಜೊತೆಗಿದ್ದ ಸಂಸ್ಥೆ ಸೇರಿಸಿ ಮಾಡಿದ ದೊಡ್ಡ ಆಸ್ಪತ್ರೆ ಅದು, ಬೇರೆ ರಾಜ್ಯಗಳಿಂದಲೂ ಜನ ಬರುತ್ತಾರೆ. ಆದರೆ ನಮ್ಮೂರಲ್ಲಿ, ಬಸ್ಸಲ್ಲಿ, ಟೀವಿ ಹಾಸ್ಯದಲ್ಲಿ ‘ಇವನ್ನ ನಿಮ್ಹಾನ್ಸ್‌ಗೆ ಸೇರಿಸ್ರೋ’ ಅನ್ನುವುದು ಒಂದು ಜೋಕು. ಅದಕ್ಕೇ ಅಮ್ಮ ಪಕ್ಕದ ಮನೆಯವರಿಗೆ ‘ಬೆಂಗಳೂರಿಗೆ ಹೋಗಿ ಬರ್ತೀವಿ, ಮದುವೆ ಇದೆ’ ಅಂತ ಹೇಳುತ್ತಾರೆ. ಆಸ್ಪತ್ರೆಯ ಚೀಟಿಯನ್ನು ಸೀರೆಗಳ ಮಧ್ಯೆ ಇಡುತ್ತಾರೆ.

ಗೆಳೆಯರ ಗುಂಪಲ್ಲಿ ಯಾರೋ ‘ಅವಳ ಡ್ಯಾನ್ಸ್ ನೋಡಿದ್ರೆ ಫಿಟ್ಸ್ ಬಂದಂಗಿದೆ’ ಅಂದರೆ ತಮ್ಮನೂ ನಗುತ್ತಾನೆ. ನಗದಿದ್ದರೆ ಗೊತ್ತಾಗಿಬಿಡುತ್ತಲ್ಲ, ಅದಕ್ಕೆ. ಫಿಟ್ಸ್ ಬಂದಾಗ ಜನ ಇವತ್ತಿಗೂ ಕೈಗೆ ಬೀಗದ ಕೈ ಕೊಡುತ್ತಾರೆ, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುತ್ತಾರೆ. ಅದ್ಯಾವುದೂ ಬೇಡ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಹತ್ತಿರ ಚೂಪಾದ ಸಾಮಾನು ಇದ್ದರೆ ಸರಿಸಿ, ಗಡಿಯಾರ ನೋಡಿಕೊಳ್ಳಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆದೊಯ್ಯಿರಿ. ವಿಷಯ ಎಲ್ಲಿಗೋ ಹೋಯಿತು, ಆದರೂ ನಾಲ್ಕು ಜನ ಓದಲಿ.

ಸಿಸ್ಟರ್, ತುಮಕೂರು ಕಡೆ

ಎಲ್ಲಿಗೂ ಹೋಗಲಿಲ್ಲ ತಂಗಿ, ಒಳ್ಳೇದು ಮಾಡಿದೆ. ಅಮ್ಮನಿಗೆ ಇದನ್ನೂ ಹೇಳು. ಹಿಂದೆ ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗ ಇದ್ದವರು ಮದುವೆಗೆ ಅರ್ಹರಲ್ಲ ಅಂತ ಇತ್ತು. 1999ರಲ್ಲಿ ಆ ಮಾತನ್ನು ತೆಗೆದುಹಾಕಿದ್ದಾರೆ. ಮಾತ್ರೆ ತಪ್ಪದೆ ತೆಗೆದುಕೊಂಡರೆ ಬಹಳ ಮಂದಿಗೆ ಫಿಟ್ಸ್ ಪೂರ್ತಿ ಹತೋಟಿಗೆ ಬರುತ್ತದೆ.

ಧಾರವಾಡದಾಕಿ

ಬೆಂಗಳೂರಿನವರು ನಿಮ್ಹಾನ್ಸ್ ಅಂದರೆ ಉತ್ತರ ಕರ್ನಾಟಕದಲ್ಲಿ ‘ಇವನ್ನ ಧಾರವಾಡಕ್ಕ ಕಳಸಬೇಕು’ ಅನ್ನುತ್ತಾರೆ. ನಮ್ಮೂರಲ್ಲಿ ಬ್ರಿಟಿಷರ ಕಾಲದಿಂದ ಮಾನಸಿಕ ಆಸ್ಪತ್ರೆ ಇದೆ, ಅದಕ್ಕೆ. ಪೇಢೆ, ಸಂಗೀತ, ವಿಶ್ವವಿದ್ಯಾಲಯ ಇಷ್ಟೆಲ್ಲ ಇರುವ ಊರು. ಆಸ್ಪತ್ರೆ ಇರುವುದೂ ಊರಿಗೆ ಒಂದು ಹೆಮ್ಮೆಯೇ ಅಂತ ನಾನು ತಿಳಿದಿದ್ದೇನೆ. ಎಷ್ಟು ಮನೆಗಳ ಮಕ್ಕಳು ಅಲ್ಲಿಂದ ಚೇತರಿಸಿಕೊಂಡು ಹೋಗಿದ್ದಾರೆ.

ಮಲೆನಾಡಿನ ಮನೆ

ಇಲ್ಲಿ ಇನ್ನೊಂದು ಥರ ಇದೆ. ಮಾತಿಗೆ ಕಾಯಿಲೆ ಬರುವುದಲ್ಲ, ಕಾಯಿಲೆಗೇ ತಮಾಷೆಯ ಹೆಸರು ಬಿದ್ದು ಅದರಿಂದ ತೊಂದರೆ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಬಂದು, ಆಮೇಲೆ ವೈರಸ್ ಪತ್ತೆಯಾಯಿತು. ಹರಡುವುದು ಉಣುಗಿನಿಂದ. ಮಂಗನೂ ನಮ್ಮ ಹಾಗೆ ಅದಕ್ಕೆ ಬಲಿಯಾಗುವ ಪ್ರಾಣಿ. ಬೇಸಿಗೆಗೆ ಮುಂಚೆ ತರಗೆಲೆ ತರಲು, ಸೌದೆಗೆ ಕಾಡಿಗೆ ಹೋಗುವವರಿಗೆ ಇದು ಬರುತ್ತದೆ. ಸಾವೂ ಆಗುತ್ತದೆ.

ಹಾಸ್ಟೆಲಲ್ಲಿ ಇದ್ದಾಗ ನಮ್ಮ ಊರಿಂದ ಸುದ್ದಿ ಬಂತು, ಪರಿಚಯದವರೊಬ್ಬರು ಮಂಗನ ಕಾಯಿಲೆಯಿಂದ ತೀರಿಕೊಂಡರು ಅಂತ. ರೂಮಲ್ಲಿ ಹೇಳಿದೆ. ಬಯಲುಸೀಮೆಯ ಗೆಳೆಯರು ಮೊದಲು ನಕ್ಕರು. ‘ಮರ ಹತ್ತುತ್ತಿದ್ದರಾ?’ ಅಂತ ಒಬ್ಬ ಕೇಳಿದ. ಅವನಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ. ಮಂಗ ಅಂದರೆ ನಮ್ಮಲ್ಲಿ ಪೆದ್ದ, ತುಂಟ ಅಂತ ಅಲ್ವಾ, ಆ ಹೆಸರೇ ಅವನಿಂದ ಹಾಗೆ ಅನ್ನಿಸಿತು. ನಾನು ಅವತ್ತು ಊಟ ಮಾಡಲಿಲ್ಲ. ಹೆಸರು ಬದಲಾಗಲಿ ಅಂತ ಹೇಳುತ್ತಿಲ್ಲ, ಊರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಅದೇ, ಎಚ್ಚರಿಕೆ ಹೇಳಲೂ ಅದೇ ಬೇಕು. ಆದರೆ ಕಾಡಿನ ಆಚೆ ಇರುವವರಿಗೆ ಇದು ತಿಳಿದಿರಲಿ.

ಮೆಜೆಸ್ಟಿಕ್ ಹುಡುಗ

ಸಾರಿ ಕಣಣ್ಣಾ, ಓದಿ ಬೇಜಾರಾಯ್ತು.

ನಂದೊಂದು ಪ್ರಶ್ನೆ. ಈಗ ಎಲ್ಲರೂ ‘ನಂಗೆ ಓಸಿಡಿ, ಟೇಬಲ್ ನೀಟಾಗಿರ್ಬೇಕು’, ‘ಮ್ಯಾಚ್ ಸೋತು ಡಿಪ್ರೆಷನ್ ಆಯ್ತು’ ಅಂತಾರಲ್ಲ. ಇದು ಬೈಗುಳ ಅಲ್ಲ, ತಮ್ಮ ಬಗ್ಗೆನೇ ಹೇಳ್ಕೊಳ್ಳೋದು. ಇದೂ ತಪ್ಪಾ?

ಹಳೇ ಮೇಷ್ಟ್ರು, ಮೈಸೂರು ಸೀಮೆ

ಬೈಗುಳ ಅಲ್ಲ ನಿಜ, ಆದರೆ ಮಾತು ಸವೆದುಹೋಗುತ್ತದೆ. ಮ್ಯಾಚ್ ಸೋತದ್ದಕ್ಕೂ ಡಿಪ್ರೆಷನ್, ತಿಂಗಳುಗಟ್ಟಲೆ ಹಾಸಿಗೆಯಿಂದ ಏಳಲಾಗದವನಿಗೂ ಡಿಪ್ರೆಷನ್ ಅಂದರೆ ಎರಡನೆಯವನ ಮಾತನ್ನು ಯಾರು ಗಂಭೀರವಾಗಿ ಕೇಳುತ್ತಾರೆ? ಕನ್ನಡದಲ್ಲಿ ಬೇಕಾದಷ್ಟು ಇವೆ ಮಗು. ಮ್ಯಾಚ್ ಸೋತರೆ ಬೇಜಾರು, ಮನಸ್ಸು ಕೆಟ್ಟಿತು. ಮೇಜು ಒಪ್ಪವಾಗಿರಬೇಕು ಅಂದರೆ ಅಚ್ಚುಕಟ್ಟು. ಅದೇ ಯೋಚನೆ ಬಿಡದಿದ್ದರೆ ಗೀಳು. ಗೀಳು ಮೊದಲು ನಮ್ಮ ದಿನದ ಮಾತೇ ಆಗಿತ್ತು, ಈಗ ವೈದ್ಯರು ಓಸಿಡಿಗೆ ಕನ್ನಡದಲ್ಲಿ ‘ಗೀಳು ಮನೋರೋಗ’ ಅಂತ ಬರೆಯುತ್ತಾರೆ.

ಸೊಂಟದ ಚೀಲ

ಮೇಷ್ಟ್ರೇ, ನಿಮ್ಮ ಗೆರೆ ಒಪ್ಪಿದೆ. ಆದರೆ ಕ್ಯಾನ್ಸರ್ ಎಲ್ಲಿ ಬರುತ್ತೆ? ಅದು ಯಾರಿಗೆ ಬೇಕಾದರೂ ಬರುವ ಕಾಯಿಲೆ. ಈಗೀಗ ಜನ ಬಚ್ಚಿಡುವುದೂ ಕಡಿಮೆ. ನನಗೆ ಕರುಳಿನದು. ಆಪರೇಷನ್ ಆಗಿ, ಮಲ ಹೋಗಲು ಹೊಟ್ಟೆ ಮೇಲೆ ಚೀಲ ಇದೆ. ಕೀಮೋ ನಡೆಯುವಾಗ ವಾರ್ಡಿನ ಟೀವಿಯಲ್ಲಿ ಒಬ್ಬರು ಭಾಷಣ ಮಾಡುತ್ತಿದ್ದರು, ‘ಭ್ರಷ್ಟಾಚಾರ ಸಮಾಜದ ಕ್ಯಾನ್ಸರ್, ಬೇರು ಸಮೇತ ಕಿತ್ತು ಬಿಸಾಡಬೇಕು’ ಅಂತ. ಸಾಲಾಗಿ ಮಲಗಿದ್ದೆವು, ಎಲ್ಲರ ಕೈಗೂ ಡ್ರಿಪ್. ಪಕ್ಕದ ಮಂಚದ ಅಜ್ಜ ರಿಮೋಟ್ ಕೇಳಿ ಚಾನೆಲ್ ಬದಲಿಸಿದರು, ಏನೂ ಮಾತಾಡಲಿಲ್ಲ. ಲಂಚ ತಿನ್ನುವವನ ಜೊತೆ ನಮ್ಮನ್ನು ಯಾಕೆ ಕಟ್ಟುತ್ತಾರೆ ಅಂತ ನನಗೆ ಅವತ್ತಿಂದ ಕೇಳಬೇಕಿತ್ತು.

ಕಟ್ಟೆ ಮಾತು

ಇದಕ್ಕೆ ನಾನು ವಾದ ಮಾಡಲ್ಲ ಅಣ್ಣಾ. ಬೇಗ ಹುಷಾರಾಗಿ. ಲಂಚಕ್ಕೆ ನಮ್ಮಲ್ಲಿ ಗೆದ್ದಲು ಹಿಡಿಯಿತು ಅನ್ನುವ ಮಾತು ಇದ್ದೇ ಇದೆ. ಒಳಗಿಂದ ಟೊಳ್ಳು ಮಾಡುವುದು ಅದೇ ತಾನೇ? ಅದು ಇನ್ನೂ ಚೆನ್ನಾಗಿ ಕೂರುತ್ತದೆ.

ಪುಣೆ ಕನ್ನಡಿಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎತ್ತು ಎಮ್ಮೆ, ಸನ್ನಿ, ಮಂಡೆ ಬಿಸಿ ಇಟ್ಟುಕೊಂಡೆ. ದೊಡ್ಡರೋಗದ ಅರ್ಥವನ್ನು ಅಡುಗೆಯವರಿಗೆ ಹೇಳಿದೆ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ‘ನಮ್ಮವ್ವ ಅಂತಿದ್ಲು, ನಾನೂ ಅಂತೀನಿ’ ಅಂದರು. ಆಮೇಲೆ ಅವರೇ ಕೇಳಿದರು, ತಟ್ಟೆ ತೊಳೀದೆ ಇದ್ದರೆ ಮತ್ತೆ ಏನಂತ ಬಯ್ಯಲಿ ಅಂತ. ಅದೇ ಖಾರ ಇರಬೇಕಂತೆ.

ಧಾರವಾಡದಾಕಿ

‘ನಿನಗೇನ್ ಧಾಡಿ?’ ಅನ್ನಲಿ. ಅಥವಾ ‘ಕೈಯಾಗ ಮೆಹಂದಿ ಹಚ್ಚಿಕೊಂಡಿ ಏನು?’

ಹಳೇ ಮೇಷ್ಟ್ರು, ಮೈಸೂರು ಸೀಮೆ

‘ಧಾಡಿ’ ನಮ್ಮ ಕಡೆಯೂ ನಡೆಯುತ್ತದೆ. ‘ಏನ್ ಧಾಡಿ ನಿಂಗೆ, ತಟ್ಟೆ ತೊಳ್ದಿಡಕ್ಕೆ?’ ಅಂತ ಸ್ವಲ್ಪ ಎಳೆದು ಹೇಳಬೇಕು, ಆಗ ಖಾರ ಬರುತ್ತದೆ.